ಅರಗಿನ ತಟ್ಟೆಯೊಳಗಿನ ದನಿ

ಚಾರ್ಲಿ ಪ್ಯಾಟನ್ ಅವರ ಹಾಡು ಹಚ್ಚಿದರೆ ಮೊದಲು ಕೇಳಿಸುವುದು ಹಾಡಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಅದರ ಜೊತೆಗೆ ಮಳೆ ಸುರಿದಂಥ ಒಂದೇ ಸಮನೆ ಸದ್ದು. ಅದರ ಹಿಂದೆಲ್ಲೋ ಒಬ್ಬರು ಒರಟು ಗಂಟಲಲ್ಲಿ ಹಾಡುತ್ತಿರುತ್ತಾರೆ, ಗಿಟಾರಿನ ಮೈಗೆ ಬಡಿಯುತ್ತಾರೆ, ಕಾಲಲ್ಲಿ ನೆಲ ಗುದ್ದುತ್ತಾರೆ. ನಾನು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೆ. ಹೆಡ್‌ಫೋನ್ ಹಾಕಿಕೊಂಡು ಮೂರು ನಾಲ್ಕು ಸಲ ಕೇಳಿದ ಮೇಲೆ ಕಿವಿ ಆ ಸದ್ದಿಗೆ ಒಗ್ಗಿತು. ಆಮೇಲೆ ದನಿ ಹತ್ತಿರ ಬಂತು. ಈಗ ವಾರಕ್ಕೊಮ್ಮೆಯಾದರೂ ಕೇಳದೆ ಇರಲಾರೆ.

ಪ್ಯಾಟನ್ ಅಮೆರಿಕದ ಮಿಸಿಸಿಪ್ಪಿ ರಾಜ್ಯದವರು. ಡೆಲ್ಟಾ ಅನ್ನುವ ಹತ್ತಿ ಸೀಮೆಯಲ್ಲಿ ಬಾಳಿದರು. ಡಾಕರಿ ಅನ್ನುವ ದೊಡ್ಡ ಜಮೀನಿನ ಸುತ್ತಮುತ್ತ ಕೂಲಿ ಜನ ಕುಣಿದು ದಣಿವಾರಿಸಿಕೊಳ್ಳುವುದಕ್ಕೆ ಇವರ ಗಿಟಾರು ಬೇಕೇ ಬೇಕು. ಮುಂದೆ ಲೋಕವೆಲ್ಲ ಹೆಸರು ಮಾಡಿದ ಹಾಡುಗಾರ ಹೌಲಿನ್ ವುಲ್ಫ್ ಗಿಟಾರು ಕಲಿತದ್ದು ಇವರ ಹತ್ತಿರ. 1929ರ ಜೂನ್ 14ರಂದು ಮೊದಲ ಸಲ ಧ್ವನಿಮುದ್ರಣಕ್ಕೆ ಕೂತರು. 1934ರ ಏಪ್ರಿಲ್ 28ರಂದು ತೀರಿಕೊಂಡರು. ನಡುವೆ ಐದು ವರ್ಷ ಕೂಡ ಇಲ್ಲ. ಅಷ್ಟರಲ್ಲಿ ಐವತ್ತು ಚಿಲ್ಲರೆ ಹಾಡು. ಅವರ ದನಿ ಅಂತ ನಮಗೆ ಉಳಿದಿರುವುದು ಅಷ್ಟೇ.

ಅವುಗಳಲ್ಲಿ ಹೆಚ್ಚಿನವನ್ನು ಹೊರತಂದದ್ದು ಪ್ಯಾರಾಮೌಂಟ್ ರೆಕಾರ್ಡ್ಸ್. ಅದರ ಯಜಮಾನಿಕೆ ವಿಸ್ಕಾನ್ಸಿನ್ ಚೇರ್ ಕಂಪನಿಯದು. ಹೌದು, ಕುರ್ಚಿ ಮಾಡುವ ಕಂಪನಿ! ಗ್ರಾಮಫೋನ್ ಇಡುವ ಮರದ ಪೆಟ್ಟಿಗೆ ಮಾಡುತ್ತಾ ಮಾಡುತ್ತಾ, ಪೆಟ್ಟಿಗೆಯ ಜೊತೆಗೆ ಹಾಡಿನ ತಟ್ಟೆಗಳನ್ನೂ (ರೆಕಾರ್ಡುಗಳನ್ನೂ) ಮಾರೋಣ ಅಂತ ಈ ವ್ಯಾಪಾರಕ್ಕೆ ಇಳಿದವರು. ತಟ್ಟೆಗೆ ಹಾಕುವ ಸಾಮಾನಿನಲ್ಲಿ ತುಂಬ ಜಿಪುಣತನ ಮಾಡಿದರು. ಇವತ್ತು ನಮಗೆ ಕೇಳಿಸುವ ಆ ಮಳೆ ಸದ್ದಿಗೆ ಅರ್ಧ ಕಾರಣ ಅದೇ.

ಆ ಕಾಲದ ತಟ್ಟೆಯ ಮೂಲ ನಮ್ಮ ಕಡೆಯದೇ. ಅರಗು! ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಕೀಟ ಸುರಿಸುವ ಅಂಟು ಅದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುವುದನ್ನು ನೋಡಿದ್ದೀರಲ್ವಾ? ಉಜ್ಜಿದ ಬಿಸಿಗೆ ಕರಗಿ ಬೊಂಬೆಯ ಮೈಗೆ ಹತ್ತಿಕೊಳ್ಳುತ್ತದೆ, ಆರಿದೊಡನೆ ಗಾಜಿನ ಹಾಗೆ ಗಟ್ಟಿ. ತಟ್ಟೆ ಮಾಡುವವರಿಗೆ ಬೇಕಾದದ್ದೂ ಇದೇ ಗುಣ. ಬಿಸಿ ಮಾಡಿ ಅಚ್ಚಿನಲ್ಲಿ ಒತ್ತಿದರೆ ಕೂದಲೆಳೆಯಂಥ ಗೆರೆಯೂ ಮೂಡುತ್ತದೆ. ಇಡೀ ಲೋಕದ ತಟ್ಟೆ ಕಾರ್ಖಾನೆಗಳಿಗೆ ಅರಗು ಮುಖ್ಯವಾಗಿ ಹೋಗುತ್ತಿದ್ದದ್ದು ಭಾರತದಿಂದ.

ಆದರೆ ತಟ್ಟೆಯೆಲ್ಲ ಅರಗಲ್ಲ. ಅರಗು ಕಡಿಮೆ ಪಾಲು, ಕಲ್ಲಿನ ಪುಡಿಯೇ ಜಾಸ್ತಿ. ಜೊತೆಗೆ ಕಪ್ಪಿಗೆ ಮಸಿ, ಬಿಗಿಗೆ ಹತ್ತಿಯ ನಾರು. ಕಲ್ಲಿನ ಪುಡಿ ಹಾಕುವುದಕ್ಕೆ ಒಂದು ಕಾರಣವೂ ಇತ್ತು. ಗೆರೆಯಲ್ಲಿ ಓಡಿ ಹಾಡು ಹೊರಡಿಸುವ ಆಗಿನ ಉಕ್ಕಿನ ಮುಳ್ಳನ್ನು ಅದು ಸಾಣೆ ಹಿಡಿದ ಹಾಗೆ ಸವೆಸಿ, ಗೆರೆಗೆ ಸರಿಯಾಗಿ ಕೂರುವಂತೆ ಮಾಡುತ್ತಿತ್ತು. ಅದಕ್ಕೇ ಒಂದೊಂದು ಹಾಡಿಗೂ ಹೊಸ ಮುಳ್ಳು ಹಾಕಬೇಕಿತ್ತು. ಪ್ಯಾರಾಮೌಂಟ್ ತಟ್ಟೆಗಳಲ್ಲಿ ಈ ಪುಡಿ ಒರಟು, ಮಿಶ್ರಣ ಕಳಪೆ. ಹೊಚ್ಚ ಹೊಸ ತಟ್ಟೆಯೇ ಗರಗರ ಅನ್ನುತ್ತಿತ್ತು.

ಸ್ವಲ್ಪ ಲೆಕ್ಕ ಹಾಕೋಣ. ಹತ್ತು ಇಂಚಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿದರೆ, ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಗೆರೆ ಮುಳ್ಳಿನಡಿ ಓಡಿಹೋಗುತ್ತದೆ. ಗೆರೆಯ ಅಗಲ ಸುಮಾರು 0.15 ಮಿಲಿಮೀಟರ್. ಅದು ಎಡಕ್ಕೆ ಬಲಕ್ಕೆ ಬಳುಕುವ ಬಳುಕೇ ಹಾಡು. ಈ ದಾರಿಯಲ್ಲಿ 0.1 ಮಿಲಿಮೀಟರಿನ ಒಂದು ಗಾಯ ಇದ್ದರೆ ಮುಳ್ಳು ಅದನ್ನು ದಾಟಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಕಿವಿಗೆ ಅದು 'ಟಿಕ್'. ಅಂಥ ಸಾವಿರಾರು ಗಾಯ ಸೇರಿದರೆ ಸಾಸಿವೆ ಒಗ್ಗರಣೆ. ತಟ್ಟೆ ಸೀಳಿದ್ದರೆ ಸುತ್ತಿಗೊಂದು 'ಟಕ್', ಅಂದರೆ ಸುಮಾರು ಮುಕ್ಕಾಲು ಸೆಕೆಂಡಿಗೊಂದು. ಇನ್ನು ಒಳಗೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತದೆ, ಗೆರೆಯ ಓಟ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದೇ ದನಿ ಅರ್ಧ ಜಾಗದಲ್ಲಿ ಮುದುರಿ ಕೂರಬೇಕು. ಹಾಡಿನ ಕೊನೆ ಮಂಕಾಗಿ ಕೇಳಿಸುವುದು ಅದಕ್ಕೇ. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಅಷ್ಟೆ. 1927ರ ಮಿಸಿಸಿಪ್ಪಿ ಮಹಾಪ್ರವಾಹದ ಬಗ್ಗೆ ಪ್ಯಾಟನ್ ಹಾಡಿದ 'ಹೈ ವಾಟರ್ ಎವ್ರಿವೇರ್' ತಟ್ಟೆಯ ಎರಡೂ ಮಗ್ಗುಲಿಗೆ ಹರಡಿಕೊಂಡಿದೆ.

ತಟ್ಟೆ ಹಾಳಾದರೆ ಮೂಲ ಅಚ್ಚಿನಿಂದ ಇನ್ನೊಂದು ತೆಗೆಯಬಹುದಲ್ಲ ಅನ್ನಿಸಬಹುದು. ಸ್ಟುಡಿಯೊದಲ್ಲಿ ಮೇಣದ ದಪ್ಪ ತಟ್ಟೆಯ ಮೇಲೆ ಗೆರೆ ಕೊರೆದು, ಅದರ ಮೇಲೆ ಲೋಹ ಕೂರಿಸಿ, ಆ ಲೋಹದಿಂದ ಅಚ್ಚು ತೆಗೆಯುತ್ತಿದ್ದರು. ಲೋಹ ಉಳಿದಿದ್ದರೆ ಇವತ್ತೂ ಚೊಕ್ಕ ದನಿ ಸಿಗುತ್ತಿತ್ತು. ಪ್ಯಾರಾಮೌಂಟ್ 1932ರ ಹೊತ್ತಿಗೆ ಧ್ವನಿಮುದ್ರಣ ನಿಲ್ಲಿಸಿತು. ಅದರ ಲೋಹದ ಅಚ್ಚುಗಳು ಗುಜರಿಗೆ ಹೋದವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅದರ ಮೇಲೆ ಎರಡನೇ ಮಹಾಯುದ್ಧ ಬಂತು. ಅರಗಿಗೆ ಬರ ಬಂದು, 1942ರಲ್ಲಿ ಅಮೆರಿಕ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಮನೆಮನೆಯಿಂದ ಒಟ್ಟು ಮಾಡಿ ಪುಡಿ ಮಾಡಿ ಹೊಸದಕ್ಕೆ ಬೆರೆಸಿದರು.

ಹಾಗಾಗಿ ಉಳಿದದ್ದು ಜನರ ಮನೆಯಲ್ಲಿ ಇದ್ದ ತಟ್ಟೆಗಳು ಮಾತ್ರ. ಕುಣಿತದ ಮನೆಗಳಲ್ಲಿ ನೂರಾರು ಸಲ ತಿರುಗಿ ಸವೆದವು. ಹಳೆಯ ತಟ್ಟೆಯ ಹುಚ್ಚು ಹಿಡಿದವರು ಅಮೆರಿಕದ ದಕ್ಷಿಣದ ಊರುಗಳಲ್ಲಿ ಬಾಗಿಲು ಬಾಗಿಲು ತಟ್ಟಿ ಅವನ್ನು ಕೊಂಡು ತಂದರು. ಇವತ್ತು ನಾವು ಪ್ಯಾಟನ್ ಅವರನ್ನು ಕೇಳುತ್ತಿರುವುದು ಇವರು ತೆಗೆದಿಟ್ಟದ್ದರಿಂದ.

ಇಂಥ ತಟ್ಟೆ ಕೈಗೆ ಬಂದರೆ ಮೊದಲ ಕೆಲಸ ತೊಳೆಯುವುದು. ಇಲ್ಲೊಂದು ಅಪಾಯ ಇದೆ. ಆಮೇಲೆ ಬಂದ ಪ್ಲಾಸ್ಟಿಕ್ಕಿನ ತಟ್ಟೆಗಳನ್ನು (ಎಲ್‌ಪಿ) ಒರೆಸುವ ದ್ರವಗಳಲ್ಲಿ ಎಷ್ಟೋ ಸಲ ಸ್ಪಿರಿಟ್ ಇರುತ್ತದೆ. ಮರಗೆಲಸದವರು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಶ್ ಮಾಡುತ್ತಾರೆ. ಅದೇ ಸ್ಪಿರಿಟ್ ತಟ್ಟೆಗೆ ತಾಕಿದರೆ ಹಾಡೇ ಕರಗುತ್ತದೆ. ಶುದ್ಧ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್ಷು. ಗೆರೆ ಹೋದ ದಿಕ್ಕಿಗೇ ತಿಕ್ಕಿ, ಬೇಗ ಒಣಗಿಸಬೇಕು. ಅಷ್ಟಕ್ಕೇ ಎಷ್ಟೋ ಚಟಪಟ ಕೊಳೆಯ ಜೊತೆ ಹೊರಟುಹೋಗುತ್ತದೆ.

ಆಮೇಲಿನದು ಮುಳ್ಳಿನ ಆಯ್ಕೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಜಾಣತನ ಇದು. ಗೆರೆಯ ಎರಡು ಗೋಡೆ ಇಳಿಜಾರಾಗಿ ಇರುತ್ತವೆ. ಹಳೆಯ ಉಕ್ಕಿನ ಮುಳ್ಳುಗಳು ಭಾರ ಹೊತ್ತು ಆ ಗೋಡೆಯನ್ನು ಹೆಚ್ಚಾಗಿ ಒಂದೇ ಮಟ್ಟದಲ್ಲಿ ಉಜ್ಜಿ ಸವೆಸಿವೆ. ಅದಕ್ಕಿಂತ ಮೇಲೆ ಅಥವಾ ಕೆಳಗೆ ಉಜ್ಜದೆ ಉಳಿದ ಪಟ್ಟಿ ಎಷ್ಟೋ ಸಲ ಇರುತ್ತದೆ. ತುದಿಯ ಅಗಲ ಬೇರೆ ಬೇರೆ ಇರುವ ವಜ್ರದ ಮುಳ್ಳುಗಳನ್ನು ಒಂದಾದ ಮೇಲೊಂದು ಹಾಕಿ, ಯಾವುದು ಆ ಪಟ್ಟಿಯ ಮೇಲೆ ಕೂರುತ್ತದೆ ಅಂತ ಕೇಳಿ ನೋಡುತ್ತಾರೆ. ಕೂದಲಿನಷ್ಟೂ ವ್ಯತ್ಯಾಸವಿಲ್ಲದ ಇನ್ನೊಂದು ಮುಳ್ಳು ಹಾಕಿದಾಗ, ಸತ್ತೇ ಹೋಯಿತು ಅಂದುಕೊಂಡ ತಂತಿಯ ಮೀಟು ಎದ್ದು ಬರುವುದುಂಟು.

ವೇಗದ ತಕರಾರು ಬೇರೆ ಇದೆ. 78 ಅನ್ನುವುದು ಹೆಸರಿಗೆ. ಒಂದೊಂದು ಸ್ಟುಡಿಯೊ ಒಂದೊಂದು ವೇಗ. ಸುಮಾರು ನೂರಕ್ಕೆ ಆರು ಪಾಲು ವೇಗ ಹೆಚ್ಚಾದರೆ ಶ್ರುತಿ ಅರ್ಧ ಸ್ವರದಷ್ಟು ಮೇಲೇರುತ್ತದೆ, ಹಾಡುವವರ ಗಂಟಲೂ ಎಳೆಯದಾಗುತ್ತದೆ.

ಮುಳ್ಳು ತಾಕಿಸಲೇ ಆಗದಷ್ಟು ಒಡೆದ ತಟ್ಟೆ ಇದ್ದರೆ? ಅಮೆರಿಕದ ಬರ್ಕ್ಲಿಯ ರಾಷ್ಟ್ರೀಯ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ವಿಟಾಲಿ ಫದೇಯೆವ್ ಮೂಲತಃ ಕಣ ಭೌತಶಾಸ್ತ್ರದವರು. ಕಣಗಳು ಬಿಟ್ಟುಹೋದ ಜಾಡನ್ನು ಅಳೆಯುವುದು ಅವರ ಕಸುಬು. ತಟ್ಟೆಯ ಗೆರೆಯೂ ಒಂದು ಜಾಡೇ ಅಲ್ವಾ? ಮುಟ್ಟದೆ, ಬರೀ ಬೆಳಕು ಬಿಟ್ಟು ಗೆರೆಯ ಫೋಟೊ ತೆಗೆದು, ಮುಳ್ಳು ಹೇಗೆ ಓಡುತ್ತಿತ್ತು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ದನಿ ತೆಗೆದರು. ಅದಕ್ಕೆ ಐರೀನ್ ಅಂತ ಹೆಸರು. ಚೂರಾದ ತಟ್ಟೆಯನ್ನು ಜೋಡಿಸಿಟ್ಟರೆ ಸಾಕು, ಅದರಿಂದಲೂ ಹಾಡು ಬರುತ್ತದೆ.

ದನಿ ಕಂಪ್ಯೂಟರಿಗೆ ಬಂದ ಮೇಲೆ ಒಂದು ಆಸೆ ಹುಟ್ಟುತ್ತದೆ, ಸದ್ದನ್ನೆಲ್ಲ ಒರೆಸಿಬಿಡೋಣ ಅಂತ. ಒಂದೇ ಒತ್ತಿಗೆ ಮಳೆ ನಿಲ್ಲುತ್ತದೆ ನಿಜ. ಆದರೆ ಪ್ಯಾಟನ್ ತಂತಿ ಎಳೆದು ಬಿಟ್ಟಾಗಿನ ಚುರುಕು, ಮಾತಿನ ಕೊನೆಯ 'ಸ್' ದನಿ, ಇವೂ ಸದ್ದು ಇರುವ ಎತ್ತರದಲ್ಲೇ ಇವೆ. ಸದ್ದು ಹೋದರೆ ಅವೂ ಹೋಗುತ್ತವೆ. ಹಾಡುಗಾರ ನೀರೊಳಗೆ ಕೂತು ಹಾಡಿದ ಹಾಗಾಗುತ್ತದೆ. ಅದಕ್ಕೇ ಪತ್ರಾಗಾರಗಳವರು ಏನನ್ನೂ ಒರೆಸದ ಒಂದು ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಂಥ ತುಂಬ ಸೂಕ್ಷ್ಮ ಮಟ್ಟದಲ್ಲಿ ಮೊದಲು ತೆಗೆದಿಡುತ್ತಾರೆ. ಒರೆಸುವುದೇನಿದ್ದರೂ ಅದರ ನಕಲಿನ ಮೇಲೆ. ಇವತ್ತಿನ ತಂತ್ರಾಂಶಕ್ಕೆ ಕಸವಾಗಿ ಕಂಡದ್ದರಲ್ಲಿ ನಾಳೆಯವರು ಒಂದು ಉಸಿರು ಹುಡುಕಿಕೊಳ್ಳಬಹುದು. ನನಗಂತೂ ಒರೆಸದ ಪ್ರತಿಯೇ ಇಷ್ಟ.

1930ರಲ್ಲಿ ಪ್ಯಾಟನ್ ತಮ್ಮ ಗೆಳೆಯ ವಿಲ್ಲಿ ಬ್ರೌನ್ ಅವರನ್ನೂ ಜೊತೆಗೆ ಕರೆದುಕೊಂಡು ವಿಸ್ಕಾನ್ಸಿನ್ನಿನ ಗ್ರಾಫ್ಟನ್ ಊರಿನ ಸ್ಟುಡಿಯೊಗೆ ಹೋಗಿದ್ದರು. ಬ್ರೌನ್ ಅಲ್ಲಿ ಹಾಡಿದ ಒಂದು ತಟ್ಟೆಯ ನಂಬರು ಪ್ಯಾರಾಮೌಂಟ್ 13099. ಎರಡು ಮಗ್ಗುಲಿನ ಹಾಡುಗಳ ಹೆಸರೂ ಗೊತ್ತು. ಹುಡುಕುವವರು ಇನ್ನೂ ಹುಡುಕುತ್ತಿದ್ದಾರೆ. ಒಂದೇ ಒಂದು ಪ್ರತಿ ಇನ್ನೂ ಸಿಕ್ಕಿಲ್ಲ.