ಶನಿಯ ಉಲ್ಟಾ ಉಪಗ್ರಹ ಫೀಬಿ ಸಿಕ್ಕಿಬಿದ್ದದ್ದು ಹೇಗೆ?

ಮುಂಬೈಯ ಮಾಟುಂಗಾದಲ್ಲಿ ಜೊತೆಗೆ ಕೂತು ಖಗೋಳ ಒಲಿಂಪಿಯಾಡ್‌ಗೆ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಶನಿಯ ದೊಡ್ಡ ಉಪಗ್ರಹಗಳೆಲ್ಲ ಶನಿ ತಿರುಗುವ ದಿಕ್ಕಿನಲ್ಲೇ ಸುತ್ತುತ್ತವೆ. ಫೀಬಿ ಸುತ್ತುವುದು ಉಲ್ಟಾ. ಅಡ್ಡಳತೆ ಸುಮಾರು 213 ಕಿ.ಮೀ., ಶನಿಯಿಂದ ಸರಾಸರಿ 1.29 ಕೋಟಿ ಕಿ.ಮೀ. ದೂರ, ಒಂದು ಸುತ್ತಿಗೆ ಸುಮಾರು 550 ದಿನ. ಪೆರುವಿನ ಅರೆಕ್ವಿಪಾದಲ್ಲಿ 1898ರಲ್ಲಿ ತೆಗೆದ ಫೋಟೋ ಪ್ಲೇಟುಗಳಲ್ಲಿ ಇದನ್ನು ಗುರುತಿಸಿದವರು ವಿಲಿಯಂ ಪಿಕರಿಂಗ್. ಫೋಟೋದಿಂದ ಪತ್ತೆಯಾದ ಮೊದಲ ಉಪಗ್ರಹ ಇದೇ.

ದಿಕ್ಕೇ ಇಲ್ಲಿ ದೊಡ್ಡ ಸುಳಿವು. ಶನಿಯ ಸುತ್ತ ತಿರುಗುತ್ತಿದ್ದ ಅನಿಲ, ಧೂಳಿನಲ್ಲೇ ಹುಟ್ಟಿದ್ದರೆ ಫೀಬಿಯೂ ಅದೇ ದಿಕ್ಕಿಗೆ ಸುತ್ತಬೇಕಿತ್ತು, ಅಲ್ವಾ? ಹಾಗಾಗಿ ಅದು ಬೇರೆಲ್ಲೋ ಹುಟ್ಟಿ, ಆಮೇಲೆ ಶನಿಯ ಕೈಗೆ ಸಿಕ್ಕಿದ್ದು ಎನ್ನುತ್ತಾರೆ.

ಆದರೆ ಪರೀಕ್ಷೆಯಲ್ಲಿ ಸುಮ್ನೆ "ಶನಿ ಎಳೆದುಕೊಂಡಿತು" ಅಂತ ಬರೆದು ಬಿಡಬೇಡಿ. ಎಳೆತ ಒಂದೇ ಸಾಲದು. ಹೊರಗಿನಿಂದ ಬಂದ ಕಲ್ಲು ಶನಿಯತ್ತ ಬೀಳುವಾಗ ಎಷ್ಟು ವೇಗ ಗಳಿಸುತ್ತದೋ ದೂರ ಹೋಗುವಾಗ ಅಷ್ಟನ್ನೇ ಕಳೆದುಕೊಳ್ಳುತ್ತದೆ, ಹಾಗಾಗಿ ನಮ್ಮ ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲದೆ ಹೋಗುವ ಹಾಗೆ ಅದೂ ದಾಟಿ ಹೋಗುತ್ತದೆ. ಬ್ರೇಕ್ ಬೀಳಲೇಬೇಕು.

ಎಷ್ಟು ಬ್ರೇಕ್? ಲೆಕ್ಕ ಮಾಡಿಯೇ ನೋಡೋಣ. ಕಕ್ಷೆ ಸ್ವಲ್ಪ ಮೊಟ್ಟೆಯಾಕಾರ, ಸದ್ಯಕ್ಕೆ ವೃತ್ತ ಅಂದುಕೊಳ್ಳಿ. ಸೂರ್ಯನ ಎಳೆತವನ್ನೂ ಬಿಡಿ. ಸುತ್ತಳತೆ 2 × 3.14 × 1.29 ಕೋಟಿ, ಅಂದರೆ 8.1 ಕೋಟಿ ಕಿ.ಮೀ. 550 ದಿನಕ್ಕೆ 4.75 ಕೋಟಿ ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 1.7 ಕಿ.ಮೀ. ಅಷ್ಟೇ ದೂರದಲ್ಲಿ ತಪ್ಪಿಸಿಕೊಂಡು ಹೋಗುವ ವೇಗ ಇದರ √2 ಪಟ್ಟು, ಅಂದರೆ 2.4. ಹೊರಗಿನಿಂದ ಬಂದದ್ದರ ವೇಗ ಅಲ್ಲಿ ಇದಕ್ಕಿಂತ ಕಡಿಮೆ ಇರುವುದಿಲ್ಲ. ಹಾಗಾದರೆ ಕಡಿಮೆ ಅಂದರೂ ಸೆಕೆಂಡಿಗೆ 0.7 ಕಿ.ಮೀ. ವೇಗ ಕಳೆಯಬೇಕು. ಎಳೆಯ ಶನಿಯ ಸುತ್ತ ಇದ್ದ ಅನಿಲದ ತಡೆ, ಜೋಡಿಯಾಗಿ ಬಂದ ಎರಡು ಕಲ್ಲುಗಳಲ್ಲಿ ಒಂದು ಬಿಟ್ಟುಹೋಗುವುದು, ದೈತ್ಯ ಗ್ರಹಗಳು ಒಂದರ ಹತ್ತಿರ ಇನ್ನೊಂದು ಹಾದುಹೋಗುವುದು, ಇವೆಲ್ಲ ವಿಜ್ಞಾನಿಗಳು ಮುಂದಿಟ್ಟಿರುವ ದಾರಿಗಳು.

ಕ್ಯಾಸಿನಿ ನೌಕೆ 2004ರ ಜೂನ್ 11ರಂದು ಫೀಬಿಯ ಸುಮಾರು 2,000 ಕಿ.ಮೀ. ಹತ್ತಿರದಿಂದ ಹಾದುಹೋಯಿತು. ಆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ: ಮೇಲ್ಮೈ ಕಪ್ಪು, ಆದರೆ ಕುಳಿಗಳ ಗೋಡೆ ಕುಸಿದ ಕಡೆ ಬಿಳಿ ಗೆರೆಗಳು. ಅದು ಒಳಗಿನ ಮಂಜುಗಡ್ಡೆ.

ಉಲ್ಟಾ ಸುತ್ತುವುದರ ಪರಿಣಾಮ ಇನ್ನೊಂದು ಕಡೆಯೂ ಕಾಣುತ್ತದೆ, ನನಗೆ ಬಹಳ ಇಷ್ಟವಾದ ಭಾಗ ಇದು. ಫೀಬಿಯಿಂದ ಎದ್ದ ಧೂಳು ಶನಿಯ ಸುತ್ತ ಭಾರಿ ಉಂಗುರವಾಗಿದೆ. 2009ರಲ್ಲಿ ಸ್ಪಿಟ್ಜರ್ ದೂರದರ್ಶಕ ಅದನ್ನು ಕಂಡಿತು. ಆ ಧೂಳು ಒಳಮುಖವಾಗಿ ಜಾರುತ್ತಾ, ಸರಿ ದಿಕ್ಕಿನಲ್ಲಿ ಬರುವ ಇಯಾಪೆಟಸ್ ಉಪಗ್ರಹಕ್ಕೆ ಎದುರಾಗಿ ಬಡಿಯುತ್ತದೆ. ಇಯಾಪೆಟಸ್ ಯಾವಾಗಲೂ ಒಂದೇ ಮುಖ ಮುಂದೆ ಮಾಡಿ ಹೋಗುವುದರಿಂದ ಆ ಮುಖ ಮಾತ್ರ ಕಪ್ಪಾಗಿದೆ. ಕಪ್ಪಾದದ್ದು ಬಿಸಿಲು ಜಾಸ್ತಿ ಹೀರುತ್ತದೆ, ಅಲ್ಲಿನ ಮಂಜು ಆವಿಯಾಗಿ ಬೇರೆ ಕಡೆ ಹೋಗಿ ಕೂರುತ್ತದೆ, ಹೀಗೆ ಕಪ್ಪು ಇನ್ನೂ ಕಪ್ಪಾಗುತ್ತದೆ.

ಮೇಲಿನ ವೇಗದ ಲೆಕ್ಕವನ್ನು ಶನಿಯ ಅತಿ ದೊಡ್ಡ ಉಪಗ್ರಹ ಟೈಟನ್‌ಗೂ ಮಾಡಿ: ಶನಿಯಿಂದ 12.2 ಲಕ್ಷ ಕಿ.ಮೀ., ಒಂದು ಸುತ್ತಿಗೆ 16 ದಿನ. ಸೆಕೆಂಡಿಗೆ ಸುಮಾರು 5.5 ಕಿ.ಮೀ. ಬರಬೇಕು.