ಜಮ್ಮಾ ಬಾಣೆ: ಕೊಡಗಿನಲ್ಲಿ ಜಾಗ ಕೊಳ್ಳುವ ಮುಂಚೆ

ಕೊಡಗಿನಲ್ಲಿ ಮೊದಲ ಸಲ ಜಾಗ ನೋಡಲು ಬರುವವರು ಎಕರೆಗೆ ಎಷ್ಟು ಅಂತ ಕೇಳುತ್ತಾರೆ. ರಸ್ತೆ ಇದೆಯಾ, ನೀರು ಇದೆಯಾ, ವ್ಯೂ ಹೇಗಿದೆ ಅಂತ ಕೇಳುತ್ತಾರೆ. ಪಹಣಿಯಲ್ಲಿ ‘ಜಮ್ಮಾ ಬಾಣೆ’ ಅಂತ ಇದೆಯಾ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ.

ಜಮ್ಮಾ ಅಂದರೆ ತಲೆತಲಾಂತರದಿಂದ ಬಂದ ಹಿಡುವಳಿ. ಯುದ್ಧಕ್ಕೆ, ಅರಮನೆಯ ಕೆಲಸಕ್ಕೆ ಒದಗುವ ಕುಟುಂಬಗಳಿಗೆ ಕೊಡಗಿನ ಅರಸರು ಹೀಗೆ ಜಮೀನು ಬಿಟ್ಟುಕೊಟ್ಟಿದ್ದರು. ಕಂದಾಯ ‘ಸಾಗು’ ಎಂಬ ಮಾಮೂಲಿ ಹಿಡುವಳಿಯ ಅರ್ಧದಷ್ಟೇ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೂ ಪದ್ಧತಿ ಉಳಿಯಿತು. ಜಮ್ಮಾ ಹಿಡುವಳಿ ಇರುವವರು ಕೊಡವರು ಮಾತ್ರ ಅಲ್ಲ, ಅರೆಭಾಷೆ ಗೌಡರೂ ಬೇರೆ ಸಮುದಾಯದವರೂ ಇದ್ದಾರೆ. ಇವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿರುವುದಕ್ಕೂ ಈ ಇತಿಹಾಸವೇ ಕಾರಣ.

ಬಾಣೆ ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಅಲ್ಲಿಂದ ಬರಬೇಕು. ಅದಕ್ಕೆ ಕಂದಾಯವೂ ಇರಲಿಲ್ಲ. ಆಮೇಲೆ ಅಲ್ಲಿ ಕಾಫಿ ಬಂತು. ಇವತ್ತು ತೋಟ ಅಂತ ತೋರಿಸುವ ಎಷ್ಟೋ ಜಾಗ ಹಳೆಯ ಬಾಣೆಯೇ. ಅದರ ಮೇಲೆ ಇರುವುದು ಪೂರ್ತಿ ಒಡೆತನವೋ, ಬರೀ ಅನುಭವಿಸುವ ಸವಲತ್ತೋ ಎಂಬ ತಕರಾರು ಹೈಕೋರ್ಟ್‌ವರೆಗೂ ಹೋಗಿತ್ತು. ಹಿಡುವಳಿದಾರರ ಹಕ್ಕನ್ನು ಗಟ್ಟಿ ಮಾಡಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದರು.

ಹೊಸಬರು ಎಡವುವುದು ಇಲ್ಲಿ ಅಲ್ಲ, ಹೆಸರಿನ ವಿಷಯದಲ್ಲಿ. ಜಮ್ಮಾ ಜಮೀನು ಒಬ್ಬನದ್ದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದ ಎಲ್ಲರದ್ದು. ದಾಖಲೆಯಲ್ಲಿ ಪಟ್ಟೇದಾರ ಅಂತ ಒಬ್ಬ ಹಿರಿಯರ ಹೆಸರಿರುತ್ತದೆ. ಅವರು ಒಕ್ಕದ ಪರವಾಗಿ ಕಂದಾಯ ಕಟ್ಟುತ್ತಿದ್ದವರು. ಅವರು ತೀರಿಕೊಂಡು ಎರಡು ತಲೆಮಾರು ಕಳೆದಿದ್ದರೂ ಅದೇ ಹೆಸರು ಮುಂದುವರಿದಿರಬಹುದು. ಇನ್ನು ಮನೆಯವರು ಬಾಯಿಮಾತಿನಲ್ಲೇ ಭಾಗ ಮಾಡಿಕೊಂಡು, ಈ ಕಡೆಯ ಜಾಗ ಅಣ್ಣನದು, ಆ ಕಡೆಯದು ತಮ್ಮನದು ಅಂತ ನೆಮ್ಮದಿಯಾಗಿ ಇರುತ್ತಾರೆ. ಅವರೊಳಗೆ ಜಗಳವೇ ಇಲ್ಲ. ಆದರೆ ಕೊಳ್ಳುವವರಿಗೆ ಅದು ಸಾಲದು ಅಲ್ವಾ? ಮಾರುವವರು ಎಷ್ಟೇ ಒಳ್ಳೆಯವರಾಗಿದ್ದರೂ, ಮೈಸೂರಿನಲ್ಲೋ ಸೈನ್ಯದಲ್ಲೋ ಇರುವ ಒಬ್ಬ ದಾಯಾದಿ ನಾಳೆ ಬಂದು ತನ್ನ ಭಾಗ ಕೇಳಬಹುದು.

ಹಾಗಾಗಿ ವಂಶವೃಕ್ಷ ಕೇಳಿ. ನೋಂದಣಿ ಆದ ಭಾಗಪತ್ರ ಇದೆಯಾ, ಅದರ ಪ್ರಕಾರ ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿದೆಯಾ, ಸರ್ವೆ ಮಾಡಿಸಿ ಪೋಡಿ (ಪ್ರತಿ ಭಾಗವನ್ನೂ ಅಳೆದು ಬೇರೆ ಮಾಡುವುದು) ಆಗಿದೆಯಾ ನೋಡಿ. ಆಗಿಲ್ಲ ಅಂದರೆ ಮುಂಗಡ ಕೊಡಬೇಡಿ. ‘ಮೊದಲು ಅಗ್ರಿಮೆಂಟ್ ಮಾಡೋಣ, ಉಳಿದವರ ಸಹಿ ಆಮೇಲೆ ಹಾಕಿಸ್ತೀವಿ’ ಅನ್ನುವ ಮಾತಿಗೆ ಒಪ್ಪಲೇಬೇಡಿ.

ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಅದರಿಂದ ಜಾಗದ ಹಕ್ಕು ತಾನಾಗಿ ಸರಿಹೋಗುವುದಿಲ್ಲ. ಹೋಂಸ್ಟೇ ಕಟ್ಟುವ ಆಸೆಯಿದ್ದರೆ ಭೂ ಪರಿವರ್ತನೆ ಬೇರೆಯೇ ಕೆಲಸ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ಮೇಲೆ, ಇಳಿಜಾರು ಕಡಿದು ಕಟ್ಟಿ ಅಂತ ನಾನಂತೂ ಯಾರಿಗೂ ಹೇಳಲಾರೆ.

ಮರದ ಲೆಕ್ಕವೂ ಒಂದಿದೆ. ಬೀಟೆ, ನಂದಿ ಮರ ತೋರಿಸಿ ರೇಟು ಜಾಸ್ತಿ ಹೇಳುತ್ತಾರೆ. ಜಾಗ ‘ರಿಡೀಮ್ಡ್’ ಆಗಿದೆಯಾ, ಅಂದರೆ ಮರದ ಬೆಲೆಯನ್ನು ಹಿಂದೆ ಸರ್ಕಾರಕ್ಕೆ ಕಟ್ಟಿದ್ದಾರಾ ಅಂತ ವಿಚಾರಿಸಿ. ಕಟ್ಟಿಲ್ಲದಿದ್ದರೆ ಆ ಕಾಡುಮರಗಳ ಹಕ್ಕು ಸರ್ಕಾರದ್ದು. ನಿಮ್ಮದಲ್ಲದ ಮರಕ್ಕೆ ಸುಮ್ನೆ ದುಡ್ಡು ಕೊಟ್ಟಂತಾಗುತ್ತದೆ. ದಾಖಲೆಗಳನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಜಮ್ಮಾ ಕೇಸು ನಡೆಸಿ ಅಭ್ಯಾಸವಿರುವ ವಕೀಲರಿಗೇ ತೋರಿಸಿ. ಬೆಂಗಳೂರಿನ ಸೈಟು ದಾಖಲೆ ಮಾತ್ರ ನೋಡಿದವರಿಗೆ ಇವು ಹೊಸ ವಿಷಯ.