ಪದ್ಮಿನಿಗೆ ಎಂಬತ್ತು ಕುದುರೆ ಕಟ್ಟಿದರೆ

ಕಾಂಟೆಸ್ಸಾ ಕಾರನ್ನು ನೋಡಿದವರಿಗೆ ಅದರ ಠೀವಿ ಇಂದಿಗೂ ನೆನಪಿರುತ್ತದೆ. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ರಸ್ತೆಗೆ ಬಿಟ್ಟಾಗ ಆ ಉದ್ದನೆಯ ಬಾನೆಟ್ಟಿನ ಕೆಳಗಿದ್ದದ್ದು ಅಂಬಾಸಡರಿನ 1.5 ಲೀಟರ್ ಎಂಜಿನ್, ಸುಮಾರು 50 ಅಶ್ವಶಕ್ತಿಯದು. ಆನೆಯ ಮೈಗೆ ಆಡಿನ ಉಸಿರು. ಕೆಲವು ವರ್ಷಗಳ ಬಳಿಕ ಅದೇ ಮೈಯೊಳಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಬಂದಿತು, ಜೊತೆಗೆ ಐದು ಗೇರಿನ ಪೆಟ್ಟಿಗೆಯೂ ಬಂದಿತು. ಕಾರು ಬೇರೆಯೇ ಆಯಿತು. 1990ರ ದಶಕದ ಆರಂಭದಲ್ಲಿ ಅಂಬಾಸಡರಿಗೂ ಆ ಭಾಗ್ಯ ಸಿಕ್ಕಿತು. ಎಂಜಿನ್ ಬದಲಾವಣೆ ಎಂದ ಕೂಡಲೇ ನನಗೆ ನೆನಪಾಗುವುದು ಈ ಎರಡು ಕಾರುಗಳು. ಆ ಕೆಲಸ ನಡೆದದ್ದು ಕಾರ್ಖಾನೆಯಲ್ಲಿ, ನಕ್ಷೆ ಬರೆದು, ಪರೀಕ್ಷೆ ಮಾಡಿ.

ನನ್ನ ಸೋದರಳಿಯ ಅದೇ ಕೆಲಸವನ್ನು ವಿಲ್ಸನ್ ಗಾರ್ಡನ್ನಿನ ಒಂದು ಶೆಡ್ಡಿನಲ್ಲಿ ಮಾಡಬೇಕೆಂದು ಹೊರಟಿದ್ದ. ಅವನ ತಾತ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಕಡ್ಡಿ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. "ಮಾವ, ಇದಕ್ಕೆ ಮಾರುತಿ ಜಿಪ್ಸಿಯ ಎಂಜಿನ್ ಕೂರಿಸಿದರೆ ಎಂಬತ್ತು ಕುದುರೆ ಆಗುತ್ತದೆ, ವೇಗವೂ ಎರಡು ಪಟ್ಟು" ಎಂದ. ಕುದುರೆಯ ಲೆಕ್ಕ ಸರಿಯಾಗಿತ್ತು. ವೇಗದ ಲೆಕ್ಕ ಮಾತ್ರ ಸರಿಯಾಗಿರಲಿಲ್ಲ. ಅವನ ಜೊತೆ ಎರಡು ಭಾನುವಾರ ಕೂತು ಕಾಗದದ ಮೇಲೆ ಬಿಡಿಸಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ಗಾಳಿಯ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸರಿಸುಮಾರು ಹತ್ತನೇ ಒಂದು ಭಾಗ ಕಡಿಮೆ. ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕ ಒಳಗೆಳೆದುಕೊಳ್ಳುತ್ತದೆ, ಅಷ್ಟು ಕಡಿಮೆ ಪೆಟ್ರೋಲನ್ನು ಉರಿಸಬಲ್ಲದು. ಕಾಗದದ ಮೇಲಿನ 40 ಅಶ್ವಶಕ್ತಿ ಜಯನಗರದ ರಸ್ತೆಯಲ್ಲಿ 36ರ ಹತ್ತಿರ ನಿಲ್ಲುತ್ತದೆ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿಗೆ ಈ ತೆಳು ಗಾಳಿಯ ಅರಿವಿಲ್ಲ. ಕಡಲತಡಿಗೆ ಹೊಂದಿಸಿದ ಜೆಟ್ಟನ್ನೇ, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತನ್ನೇ, ಇಲ್ಲಿ ಬಿಟ್ಟರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಹೆಚ್ಚಾಗಿ, ಪ್ಲಗ್ಗು ಕಪ್ಪಾಗುತ್ತದೆ. ಹೊಸ ಕಾಲದ ಇಂಧನ ಇಂಜೆಕ್ಷನ್ ವ್ಯವಸ್ಥೆ ಒತ್ತಡವನ್ನು ಅಳೆದು ಪೆಟ್ರೋಲನ್ನು ತಾನೇ ತಗ್ಗಿಸುತ್ತದೆ. ಆದರೆ ಇಲ್ಲದ ಆಮ್ಲಜನಕವನ್ನು ಅದೂ ತಂದುಕೊಡಲಾರದು. 80 ಕೂಡ ಇಲ್ಲಿ 72 ಆಗುತ್ತದೆ.

ಇನ್ನು ವೇಗ. ಕಾರು ಓಡುವಾಗ ಗಾಳಿ ಎದುರಿನಿಂದ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ಬಲವನ್ನು ಎದುರಿಸಿ ಮುನ್ನುಗ್ಗಲು ಬೇಕಾದ ಶಕ್ತಿ ಎಂದರೆ ಬಲವನ್ನು ಮತ್ತೆ ವೇಗದಿಂದ ಗುಣಿಸಿದಷ್ಟು. ಆದ್ದರಿಂದ ಅದು ವೇಗದ ಘನಕ್ಕೆ ಅನುಗುಣ. ತಿರುಗಿಸಿ ಹೇಳುವುದಾದರೆ, ಶಕ್ತಿಯನ್ನು ಎರಡರಷ್ಟು ಮಾಡಿದರೆ ಗರಿಷ್ಠ ವೇಗ ಎರಡರ ಘನಮೂಲದಷ್ಟು ಮಾತ್ರ, ಅಂದರೆ 1.26 ಪಟ್ಟು ಹೆಚ್ಚುತ್ತದೆ. ಗಂಟೆಗೆ 120 ಕಿಲೋಮೀಟರ್ ಮುಟ್ಟುತ್ತಿದ್ದ ಕಾರು 150 ಮುಟ್ಟೀತು. ಎರಡು ಪಟ್ಟು ವೇಗ ಬೇಕೆಂದರೆ ಎಂಟು ಪಟ್ಟು ಶಕ್ತಿ, 320 ಕುದುರೆ ಬೇಕು. ಅಳಿಯ ಪೆನ್ಸಿಲ್ ಕೆಳಗಿಟ್ಟ.

ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಆ 150 ಯಾರಿಗೂ ಬೇಡ. ಅಲ್ಲಿ ಬೇಕಾದದ್ದು ಕೆಳಗಿನ ವೇಗದಲ್ಲಿ ಎಳೆಯುವ ಕಸುವು. ಅಲ್ಲೂ ಒಂದು ಸೂಕ್ಷ್ಮವಿದೆ. ಅಶ್ವಶಕ್ತಿ ಎಂದರೆ ತಿರುಚುಬಲ (ಟಾರ್ಕ್) ಮತ್ತು ತಿರುಗುವ ವೇಗ ಇವೆರಡರ ಗುಣಲಬ್ಧ. ಜಿಪ್ಸಿಯ 1298 ಸಿಸಿ ಇಂಜೆಕ್ಷನ್ ಎಂಜಿನ್ ತನ್ನ 80 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 6,000 ಸುತ್ತಿನಲ್ಲಿ. ಅದರ ಗರಿಷ್ಠ ತಿರುಚುಬಲ 103 ನ್ಯೂಟನ್ ಮೀಟರ್, ಅದೂ 4,500 ಸುತ್ತಿನಲ್ಲಿ. ಹಳೆಯ ಎಂಜಿನ್ನಿಗಿಂತ ಅದು ಹೆಚ್ಚು ಬಲಶಾಲಿ ನಿಜ, ಆದರೆ ಎರಡರಷ್ಟು ಅಲ್ಲ. ಉಳಿದ ಲಾಭವೆಲ್ಲ ಜೋರಾಗಿ ತಿರುಗುವುದರಿಂದ ಬಂದದ್ದು. ಎರಡು ಸಾವಿರ ಸುತ್ತಿನಲ್ಲಿ ತೆವಳುವ ಟ್ರಾಫಿಕ್ಕಿನಲ್ಲಿ ವ್ಯತ್ಯಾಸ ನಿರೀಕ್ಷಿಸಿದಷ್ಟು ಕಾಣುವುದಿಲ್ಲ.

ಹಾಗಾದರೆ ಜಿಪ್ಸಿಯ ಎಂಜಿನ್ನೇ ಏಕೆ? ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಗಳನ್ನೂ ಸುತ್ತಿದರೆ ಎಂಜಿನ್ನುಗಳಿಗೆ ಬರವಿಲ್ಲ. ಆದರೆ ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಬದಿ ಚಕ್ರ ಚಾಲನೆಯವು. ಅವುಗಳ ಎಂಜಿನ್ ಅಡ್ಡಡ್ಡ ಕೂತಿರುತ್ತದೆ, ಗೇರ್ ಬಾಕ್ಸೂ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲೂ ಅದಕ್ಕೇ ಅಂಟಿಕೊಂಡಿರುತ್ತವೆ. ಪದ್ಮಿನಿಗೆ ಬೇಕಾದದ್ದು ಉದ್ದುದ್ದ ಕೂರುವ, ಹಿಂದಕ್ಕೆ ಶಾಫ್ಟ್ ಚಾಚುವ ಎಂಜಿನ್. ಜಿಪ್ಸಿಯಲ್ಲಿ ಎಂಜಿನ್ ಉದ್ದುದ್ದ ಇದೆ. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆ ಅದರಲ್ಲಿ ಬೇರೆಯಾಗಿ ಕೂತಿದ್ದು, ಒಂದು ಗಿಡ್ಡ ಶಾಫ್ಟಿನಿಂದ ಗೇರ್ ಬಾಕ್ಸಿಗೆ ಸೇರಿದೆ. ಆ ಪೆಟ್ಟಿಗೆಯನ್ನು ಬಿಟ್ಟರೆ ಉಳಿಯುವುದು ಹಿಂಬದಿ ಚಾಲನೆಯ ಕಾರಿಗೆ ಹೇಳಿಮಾಡಿಸಿದಂಥ ಜೋಡಿ. ಎಂಜಿನ್ನಿನ ಬ್ಲಾಕ್ ಕೂಡ ಅಲ್ಯೂಮಿನಿಯಮ್ಮಿನದು. ಶಕ್ತಿ ಹೆಚ್ಚಿದರೂ ಮೂತಿಯ ಭಾರ ಏರದಿರುವುದು ತಿರುವುಗಳಲ್ಲಿ ದೊಡ್ಡ ಅನುಕೂಲ. ಪ್ರೀಮಿಯರ್ 118 ಎನ್‌ಇ ಕಾರಿನ ನಿಸ್ಸಾನ್ ಮೂಲದ ಎಂಜಿನ್ನನ್ನು ಪದ್ಮಿನಿಗೆ ಹಾಕುವ ರೂಢಿಯೂ ನಮ್ಮಲ್ಲಿದೆ, ಆದರೆ ಅಳಿಯನ ಮನಸ್ಸು ಜಿಪ್ಸಿಯ ಮೇಲೆ ನೆಟ್ಟಿತ್ತು.

ಎಂಜಿನ್ನಿನ ಜೊತೆ ಅದರದೇ ಗೇರ್ ಬಾಕ್ಸ್ ತಂದರೆ ಅರ್ಧ ತಲೆನೋವು ಕಡಿಮೆ. ಹಳೆಯ ಗೇರ್ ಬಾಕ್ಸನ್ನೇ ಉಳಿಸಿಕೊಳ್ಳುವವರು ನಡುವೆ ಒಂದು ದಪ್ಪ ಲೋಹದ ತಟ್ಟೆಯನ್ನು ಲೇತಿನಲ್ಲಿ ಕೊರೆಸಿ ಕೂರಿಸುತ್ತಾರೆ. ಬೋಲ್ಟುಗಳು ಹೊಂದಿದರೆ ಕೆಲಸ ಮುಗಿಯಿತು ಎಂದುಕೊಂಡವರು ಬಹಳ. ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಗೇರ್ ಬಾಕ್ಸ್ ಶಾಫ್ಟಿನ ನಡುಗೆರೆಯೂ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ, ಒಂದು ತಲೆಗೂದಲಿನ ದಪ್ಪದಲ್ಲಿ ಕೂಡಿಕೊಳ್ಳಬೇಕು. ತಪ್ಪಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳಲ್ಲಿ ಬೇರಿಂಗ್ ಕೂಗತೊಡಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಬಿರಿಯುತ್ತದೆ. ಶೆಡ್ಡಿನ ಮೇಸ್ತ್ರಿ ಡಯಲ್ ಗೇಜ್ ಹಿಡಿದು ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮುಳ್ಳಿನ ಓಲಾಟವನ್ನು ನೋಡುವುದನ್ನು ನಾನು ಬೆರಗಿನಿಂದ ನೋಡಿದ್ದೇನೆ. ಗಡಿಯಾರ ರಿಪೇರಿ ಮಾಡುವವರ ತಾಳ್ಮೆ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟ್. ಹಳ್ಳ ದಿಣ್ಣೆಯಲ್ಲಿ ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಗೇರ್ ಬಾಕ್ಸ್ ಆಡುವುದಿಲ್ಲ. ಹಾಗಾಗಿ ಶಾಫ್ಟಿನ ತುದಿಗಳಲ್ಲಿ ಶಿಲುಬೆಯಾಕಾರದ ಯೂನಿವರ್ಸಲ್ ಜಾಯಿಂಟುಗಳಿರುತ್ತವೆ. ಈ ಜಾಯಿಂಟಿಗೆ ಒಂದು ವಿಚಿತ್ರ ಗುಣವಿದೆ. ಅದು ಬಾಗಿದ್ದಾಗ ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಹತ್ತು ಡಿಗ್ರಿ ಬಾಗಿದರೆ ಏರಿಳಿತ ಶೇಕಡ ಒಂದೂವರೆ, ಇಪ್ಪತ್ತು ಡಿಗ್ರಿಗೆ ಶೇಕಡ ಆರು. ಶಾಫ್ಟ್ ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 150 ಸಲದ ನಡುಕ. ಇದಕ್ಕೆ ಮದ್ದು ಎರಡನೆಯ ಜಾಯಿಂಟ್. ಗೇರ್ ಬಾಕ್ಸಿನ ಶಾಫ್ಟೂ ಆಕ್ಸಲ್ಲಿನ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯ ಶಾಫ್ಟೂ ಒಂದಕ್ಕೊಂದು ಸಮಾನಾಂತರವಾಗಿದ್ದು, ಎರಡೂ ಜಾಯಿಂಟುಗಳ ಬಾಗು ಸಮನಾಗಿದ್ದರೆ, ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಹೊಸ ಎಂಜಿನ್ನಿನ ಆಯಿಲ್ ಸಂಪ್ (ಎಣ್ಣೆಯ ತೊಟ್ಟಿ) ಕೆಳಗಿನ ಅಡ್ಡಪಟ್ಟಿಗೆ ತಾಗುತ್ತದೆಂದು ಎಂಜಿನ್ನನ್ನು ಮೂರು ಡಿಗ್ರಿ ಹಿಂದಕ್ಕೆ ವಾಲಿಸಿದಿರೋ, ಆ ಲೆಕ್ಕ ಕೆಟ್ಟಿತು. ಅರವತ್ತರ ವೇಗದಲ್ಲಿ ನೆಲದಡಿಯಿಂದ ಒಂದು ಗುಂಯ್‌ಗುಟ್ಟುವಿಕೆ ಏಳುತ್ತದೆ, ಅದು ಎಲ್ಲಿಂದ ಬಂತೆಂದು ವರ್ಷಗಟ್ಟಲೆ ಹುಡುಕುತ್ತಾರೆ.

ಈಗ ಹಿಂದಿನ ಆಕ್ಸಲ್. 103 ನ್ಯೂಟನ್ ಮೀಟರ್ ತಿರುಚುಬಲವನ್ನು ಮೊದಲ ಗೇರು 3.6 ಪಟ್ಟು, ಆಕ್ಸಲ್ಲಿನೊಳಗಿನ ಹಲ್ಲುಗಾಲಿಗಳ ಜೋಡಿಯಾದ ಕ್ರೌನ್ ಪಿನಿಯನ್ 4.3 ಪಟ್ಟು ಹೆಚ್ಚಿಸುತ್ತವೆ ಎಂದಿಟ್ಟುಕೊಳ್ಳಿ. ಚಕ್ರಕ್ಕೆ ಬರುವುದು ಸುಮಾರು 1,600. ಆದರೆ ಇಬ್ಬರು ಕೂತ ಹಗುರ ಕಾರಿನ ಕಿರಿದಾದ ಹಿಂದಿನ ಟೈರುಗಳು ಒಣ ಡಾಂಬರಿನ ಮೇಲೆ ಹಿಡಿದಿಡಬಲ್ಲದ್ದು, ನಾನು ಲೆಕ್ಕ ಹಾಕಿದಂತೆ, 1,300ರ ಸುತ್ತಮುತ್ತ. ಈ ಲೆಕ್ಕದಲ್ಲಿ ಕಾರು ಮುನ್ನುಗ್ಗುವಾಗ ಹಿಂದಿನ ಚಕ್ರಗಳ ಮೇಲೆ ಬೀಳುವ ಹೆಚ್ಚಿನ ಭಾರವೂ ಸೇರಿದೆ. ಉಳಿದದ್ದು ಟೈರು ಜಾರಿ ಹೊಗೆಯಾಗಿ ಹೋಗುತ್ತದೆ. ಕೇಳಲು ನಷ್ಟದಂತಿದ್ದರೂ ಆ ಜಾರುವಿಕೆಯೇ ಹಳೆಯ ಆಕ್ಸಲ್ಲನ್ನು ಕಾಪಾಡುವ ಬೀಗ. ಟೈರು ಜಾರುತ್ತಿದೆಯಲ್ಲ ಎಂದು ಅಗಲವಾದ, ಚೆನ್ನಾಗಿ ಕಚ್ಚುವ ಟೈರು ಹಾಕಿದ ದಿನ ಆ 1,600 ಪೂರ್ತಿ ಆಕ್ಸಲ್ ಶಾಫ್ಟುಗಳ ಮೇಲೆ ಕೂರುತ್ತದೆ. ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಫ್ಲೈವೀಲಿನ ಹೊಡೆತವೂ ಸೇರುತ್ತದೆ. ಅಲ್ಲಿಯವರೆಗೆ ಟೈರಿನಲ್ಲಿದ್ದ ಸೋಲು ಈಗ ಕ್ರೌನ್ ಪಿನಿಯನ್ನಿನ ಹಲ್ಲಿಗೆ ಬಂತು. ಅದನ್ನು ಗಟ್ಟಿ ಮಾಡಿದರೆ ಎಲೆಕಮಾನು ತಿರುಚಿಕೊಳ್ಳುತ್ತದೆ. ಶಕ್ತಿ ಹೆಚ್ಚಿಸಿದಾಗ ದುರ್ಬಲ ಕೊಂಡಿ ಮಾಯವಾಗುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಕಾರ್ಖಾನೆಯ ಎಂಜಿನಿಯರುಗಳು ತಿಂಗಳುಗಟ್ಟಲೆ ಬೆನ್ನಟ್ಟುವುದು ಇದನ್ನೇ.

ರೇಡಿಯೇಟರಿನ ವಿಷಯ ಚಿಕ್ಕದು: ಪೆಟ್ರೋಲ್ ಎಂಜಿನ್ ಚಕ್ರಕ್ಕೆ ಕೊಡುವಷ್ಟೇ ಹೆಚ್ಚುಕಡಿಮೆ ಶಾಖವನ್ನು ನೀರಿಗೂ ಕೊಡುತ್ತದೆ, ಆದ್ದರಿಂದ ಹಳೆಯ ರೇಡಿಯೇಟರ್ ಸಾಲದು.

ಬ್ರೇಕು ಚಿಕ್ಕದಲ್ಲ. ಪದ್ಮಿನಿಯ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್. ಒಂದು ಟನ್ ತೂಗುವ ಕಾರು 80ರ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 250 ಕಿಲೋಜೂಲ್, 120ರಲ್ಲಿ 555. ಕಾರು ನಿಂತಾಗ ಅಷ್ಟೂ ಹೋಗುವುದು ಬ್ರೇಕಿನ ಕಬ್ಬಿಣಕ್ಕೆ. ನಾಲ್ಕು ಡ್ರಮ್ಮುಗಳು ಸೇರಿ ಇಪ್ಪತ್ತು ಕಿಲೋ ಎಂದು ಹಿಡಿದರೆ, 120ರಿಂದ ಒಮ್ಮೆ ನಿಂತಾಗ ಅವು 60 ಡಿಗ್ರಿ ಬಿಸಿಯಾಗುತ್ತವೆ. ತಣಿಯಲು ಬಿಡುವಿಲ್ಲದೆ ಮತ್ತೆ ಮತ್ತೆ ಹಿಡಿದರೆ ಡ್ರಮ್ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಸಡಿಲವಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಖಚಿತ: ಎಂಜಿನ್ನಿಗೆ ಮೊದಲು ಬ್ರೇಕು. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸುವ ಹಣವಿಲ್ಲದವರು ಎಂಜಿನ್ನಿನ ಮಾತೆತ್ತಬಾರದು.

ಕಾನೂನನ್ನೂ ಅಳಿಯನಿಗೆ ಓದಿ ಹೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಜಿಪ್ಸಿಯ ಎಂಜಿನ್ ಹೊತ್ತ ಪದ್ಮಿನಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಲಾರಿಯ ಮೇಲೆ ಹೋಗಬಹುದು, ಹೊಸೂರು ರಸ್ತೆಯಲ್ಲಿ ಓಡುವಂತಿಲ್ಲ. ಅನುಮೋದಿತ ಕಿಟ್ ಹಾಕಿ ಬ್ಯಾಟರಿಯಿಂದ ಓಡುವಂತೆ ಪರಿವರ್ತಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಆದರೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುವುದರಿಂದ ಆಕ್ಸಲ್ಲಿನ ಪ್ರಶ್ನೆ ಅಲ್ಲೂ ಕಾಯುತ್ತಿರುತ್ತದೆ. ಇನ್ನೊಂದು ಮಾತು ಅವನ ಮನಸ್ಸಿಗೆ ತಾಗಿತು. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಎಂಜಿನ್ ಮತ್ತು ಮೈಕಟ್ಟು ಮೂಲರೂಪದಲ್ಲೇ ಉಳಿದ ಕಾರುಗಳಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ತಾತನ ಪದ್ಮಿನಿಗೆ 2028ರಲ್ಲಿ ಐವತ್ತು ತುಂಬುತ್ತದೆ.

ಅವನು ಹಳೆಯ ಎಂಜಿನ್ನನ್ನೇ ಬಿಚ್ಚಿಸಿ ಬೋರ್ ಮಾಡಿಸಿದ, ಹೊಸ ಪಿಸ್ಟನ್ ಹಾಕಿಸಿದ, ಬ್ರೇಕಿನ ಸಿಲಿಂಡರುಗಳನ್ನೆಲ್ಲ ಬದಲಿಸಿದ. ಒಂದು ಬೆಳಗ್ಗೆ ಇಬ್ಬರೂ ನಂದಿ ಬೆಟ್ಟ ಹತ್ತಿದೆವು. ಇಳಿಯುವಾಗ ಅವನು ಮೂರನೇ ಗೇರಿನಲ್ಲಿ ಬ್ರೇಕು ಹಿಡಿಯುತ್ತ ಬಂದ. ತಪ್ಪಲಿನಲ್ಲಿ ನಿಲ್ಲಿಸಿ ಮುಂದಿನ ಚಕ್ರದ ಬಳಿ ಅಂಗೈ ಒಡ್ಡಿದಾಗ ಬಾಣಲೆಯ ಮೇಲೆ ಕೈ ಹಿಡಿದಂತಾಯಿತು. ಐನೂರು ಮೀಟರ್ ಇಳಿಯುವ ಒಂದು ಟನ್ ಕಾರು ಬಿಟ್ಟುಕೊಡುವ ಶಕ್ತಿ 120ರ ವೇಗದಿಂದ ಒಂಬತ್ತು ಸಲ ನಿಂತದ್ದಕ್ಕೆ ಸಮ. ಅವನು ಏನೂ ಹೇಳದೆ ಡ್ರಮ್ ತಣಿಯುವವರೆಗೆ ಕಾದು, ಕಾರನ್ನು ತಿರುಗಿಸಿ ಮತ್ತೆ ಬೆಟ್ಟ ಹತ್ತಿಸಿದ. ಈ ಸಲ ಗೇರ್ ಕಡ್ಡಿಯನ್ನು ಎರಡಕ್ಕೆ ಎಳೆದು, ಆ ನಲವತ್ತು ಕುದುರೆಗಳೇ ಹಿಂದಕ್ಕೆ ಜಗ್ಗುವಂತೆ ಬಿಟ್ಟು, ಬ್ರೇಕನ್ನು ತಿರುವುಗಳಲ್ಲಿ ಮಾತ್ರ ಮುಟ್ಟುತ್ತ ಇಳಿದ. ಕೆಳಗೆ ಬಂದಾಗ ಡ್ರಮ್ ಬೆಚ್ಚಗಿತ್ತು, ಅಷ್ಟೇ.